ಯಾರ ಪಾಲಿಗೂ ಬಾರದ ನೀರು

ಜುಲೈ ತಿಂಗಳು ಅರ್ಧಕ್ಕೆ ಬಂತೆಂದರೆ ಚಿಕ್ಕೋಡಿ ಸೀಮೆಯಿಂದ ವರ್ಷವೂ ಒಂದೇ ಸುದ್ದಿ: ಕಲ್ಲೋಳ–ಯಡೂರ ಸೇತುವೆ ಮುಳುಗಿತು. ಅದರ ಬೆನ್ನಿಗೇ ಮಲಿಕವಾಡ–ದತ್ತವಾಡ, ಕಾರದಗಾ–ಭೋಜ. ಎಲ್ಲವೂ ತಗ್ಗಿನ ಸೇತುವೆಗಳು. ಹಾಲಿನ ಕ್ಯಾನುಗಳೂ ಶಾಲೆಯ ಹುಡುಗರೂ ಸುತ್ತುದಾರಿ ಹಿಡಿಯುತ್ತಾರೆ. ಊರವರಿಗೆ ಇದು ಗಾಬರಿಯ ಸುದ್ದಿಯಲ್ಲ. ‘ಹೊಳಿ ಬಂತ್ರಿ’ ಎನ್ನುವ ಮಾತಿನಲ್ಲಿ ದೂರು ಅರ್ಧ, ಸಂತೋಷ ಅರ್ಧ. ಅಲ್ಲಿಂದ ಸ್ವಲ್ಪ ಮೇಲಕ್ಕೆ, ಪಂಚಗಂಗೆ ಬಂದು ಕೃಷ್ಣೆಗೆ ಸೇರುವ ನರಸೋಬಾವಾಡಿಯಲ್ಲಿ, ಅದೇ ನೀರಿಗಾಗಿ ಜನ ಕಾದು ನಿಂತಿರುತ್ತಾರೆ. ಹೊಳೆ ಏರಿ ದತ್ತನ ಗುಡಿಯೊಳಗೆ ನುಗ್ಗಿ, ಪಾದುಕೆಗಳನ್ನು ತೊಳೆದು, ದಕ್ಷಿಣದ ಬಾಗಿಲಿನಿಂದ ಹೊರಬೀಳುತ್ತದೆ. ಅದಕ್ಕೆ ದಕ್ಷಿಣದ್ವಾರ ಎಂದೇ ಹೆಸರು. ಅಲ್ಲಿ ಮುಳುಗೆದ್ದರೆ ಪುಣ್ಯ. ಬೆಳಗಾವಿ, ವಿಜಯಪುರದ ಕಡೆಯ ಭಕ್ತರೂ ಅದಕ್ಕೆಂದೇ ಹೋಗುತ್ತಾರೆ. ಆ ಪುಣ್ಯದ ನೀರು ಕೆಳಗಿಳಿದು ಬಂದಾಗ ಆಲಮಟ್ಟಿ ಅಣೆಕಟ್ಟಿನ ಕಂಟ್ರೋಲ್ ರೂಮಿನಲ್ಲಿ ಬರೀ ಒಂದು ಅಂಕಿ: ಒಳಹರಿವು ಇಷ್ಟು ಕ್ಯುಸೆಕ್.

ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟದ್ದು 1964ರ ಮೇ 22ರಂದು. ಅದಾದ ಹದಿನೆಂಟೇ ದಿನಕ್ಕೆ ಅವರು ದೇಶದ ಪ್ರಧಾನಿಯಾದರು. ಆ ಕಲ್ಲಿಗೆ ಅರವತ್ತು ತುಂಬಿದ ನೆನಪಿನ ಈ ಸಂಚಿಕೆಯಲ್ಲಿ ಕಾಲುವೆಗಳ ಕಥೆ, ಮುಳುಗಿದ ಊರುಗಳ ಕಥೆ, ವಿದ್ಯುತ್ತಿನ ಕಥೆಗಳನ್ನು ಬೇರೆಯವರು ಬರೆಯುತ್ತಾರೆ. ನನ್ನ ಪಾಲಿಗೆ ಬಂದ ಸಂಸ್ಥೆಗೆ ಅಡಿಗಲ್ಲೂ ಇಲ್ಲ, ನಾಮಫಲಕವೂ ಇಲ್ಲ. ಹೊಳೆ ಉಕ್ಕಿದಾಗ ಒಬ್ಬರೊಂದಿಗೊಬ್ಬರು ಮಾತಾಡಬೇಕಾದ ಕಚೇರಿಗಳು ಹಾಗೆ ಮಾತಾಡುವುದನ್ನು ಕಲಿತ ಕಥೆ ಇದು. ಇದರ ಅರ್ಧ ಭಾಗ ಸರ್ಕಾರಿ ಆದೇಶಗಳಲ್ಲಿದೆ, ಇನ್ನರ್ಧ ಇಂಜಿನಿಯರುಗಳ ಜೇಬಿನ ಫೋನ್ ನಂಬರುಗಳಲ್ಲಿದೆ.

1956ರಲ್ಲಿ ಸಂಸತ್ತು ನದಿಗಳ ಬಗ್ಗೆ ಎರಡು ಕಾನೂನು ಮಾಡಿತು. ಒಂದು, ರಾಜ್ಯಗಳು ನೀರಿಗಾಗಿ ಜಗಳವಾಡಿದರೆ ನ್ಯಾಯಮಂಡಳಿ ರಚಿಸುವ ಅಂತರರಾಜ್ಯ ಜಲವಿವಾದ ಕಾಯ್ದೆ. ಇನ್ನೊಂದು, ಒಂದು ಕಣಿವೆಯ ರಾಜ್ಯಗಳೆಲ್ಲ ಕೂಡಿ ಕೂತು ನದಿಯನ್ನು ನೋಡಿಕೊಳ್ಳಲೆಂದು ಮಾಡಿದ ನದಿ ಮಂಡಳಿ ಕಾಯ್ದೆ. ಪ್ರವಾಹ ನಿಯಂತ್ರಣವೂ ಈ ಎರಡನೆಯದರ ಕೆಲಸಗಳಲ್ಲಿ ಒಂದು. ಜಗಳದ ಕಾನೂನಿನಿಂದ ಕೃಷ್ಣೆಗೇ ಎರಡು ನ್ಯಾಯಮಂಡಳಿಗಳಾದವು. ಕೂಡಿ ಕೂರುವ ಕಾನೂನಿನಡಿ ಇಡೀ ದೇಶದಲ್ಲಿ ಒಂದೇ ಒಂದು ಮಂಡಳಿಯೂ ಹುಟ್ಟಲಿಲ್ಲ. ಮುಂದೆ ಹೇಳುವುದಕ್ಕೆಲ್ಲ ಹಿನ್ನೆಲೆ ಇಷ್ಟೇ.

1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿ 1973ರಲ್ಲಿ ತೀರ್ಪಿತ್ತು, 1976ರಲ್ಲಿ ಅದನ್ನು ಪೂರ್ಣಗೊಳಿಸಿತು. ನೂರು ವರ್ಷದಲ್ಲಿ ಎಪ್ಪತ್ತೈದು ವರ್ಷ ನಂಬಬಹುದಾದ ನೀರು 2,060 ಟಿಎಂಸಿ ಎಂದು ಹಿಡಿದು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಹಂಚಿತು. ಮರಳಿ ಹೊಳೆಗೆ ಬಸಿಯುವ ನೀರಿನ ಲೆಕ್ಕ ಸೇರಿ ಈ ಅಂಕಿಗಳು ಆಮೇಲೆ ತುಸು ಬೆಳೆದವು. ಇದು ಕೊರತೆಯ ಗಣಿತ, ಅದನ್ನು ಮಾಡಿದ್ದು ಸರಿಯೇ. ಆದರೆ ನಾವು ಅಂದಿನಿಂದ ಇಂದಿನವರೆಗೆ ನೀರಾವರಿ ಇಲಾಖೆ, ನಿಗಮ, ವಕೀಲರ ತಂಡ, ಅಂಕಿಅಂಶದ ವಿಭಾಗ ಎಂದು ಕಟ್ಟಿದ್ದೆಲ್ಲ ಈ ಗಣಿತವನ್ನು ಕಾಯುವುದಕ್ಕೆ. ನಮ್ಮ ಪಾಲು ಎಷ್ಟು ಎಂದು ಕೇಳಿದರೆ ಉತ್ತರಿಸುವ ಕಚೇರಿಗಳು ನೂರಾರು. ಪಾಲಿಗಿಂತ ಹೆಚ್ಚಾಗಿ, ಒಂದೇ ವಾರದಲ್ಲಿ, ಬೇಡವೆಂದರೂ ಬರುವ ನೀರಿಗೆ ಮಾತ್ರ ವಾರಸುದಾರರಿರಲಿಲ್ಲ. ಕರ್ನಾಟಕದಲ್ಲಿ ಇವತ್ತು ಪ್ರವಾಹದ ಮುನ್ಸೂಚನೆ ಕೊಡುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಹುಟ್ಟಿದ್ದೇ ಬರಗಾಲದ ಮೇಲೆ ಕಣ್ಣಿಡುವ ಘಟಕವಾಗಿ. ನೆರೆಯ ಕೆಲಸ ಆಮೇಲೆ ಅದರ ಹೆಗಲೇರಿತು.

ಹೆಚ್ಚಾದ ನೀರಿಗೆಂದೇ ಈ ಕಣಿವೆಯಲ್ಲಿ ಯಾರೂ ಏನೂ ಕಟ್ಟಿರಲಿಲ್ಲ ಎಂದರೆ ತಪ್ಪಾದೀತು. 1908ರ ಸೆಪ್ಟೆಂಬರ್ 28ರಂದು ಕೃಷ್ಣೆಯ ಉಪನದಿ ಮೂಸಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಊರಿನ ಮೇಲ್ಭಾಗದಲ್ಲಿ ಎರಡು ಜಲಾಶಯ ಕಟ್ಟಿ ನೆರೆಯನ್ನು ಅಲ್ಲೇ ತಡೆಯಬೇಕೆಂಬುದು ಅವರ ಸಲಹೆ. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಅಲ್ಲಿ ಇದ್ದದ್ದು ಒಂದು ಹೊಳೆ, ಒಂದು ಸರ್ಕಾರ, ಒಬ್ಬ ಇಂಜಿನಿಯರು. ಸಮನ್ವಯ ಎಂಬ ಶಬ್ದವೇ ಬೇಕಾಗಲಿಲ್ಲ.

ಅದಕ್ಕೂ ಮುಂಚೆ, 1903ರಲ್ಲಿ, ಪುಣೆಯ ಖಡಕವಾಸ್ಲಾದಲ್ಲಿ ಅದೇ ವಿಶ್ವೇಶ್ವರಯ್ಯನವರು ನೀರು ಒಂದು ಮಟ್ಟಕ್ಕೆ ಬಂದೊಡನೆ ತಾನಾಗಿ ತೆರೆಯುವ ಗೇಟುಗಳನ್ನು ಕೂರಿಸಿದ್ದರು. ಆ ಬಗೆಯ ಗೇಟುಗಳು ಕೊಲ್ಹಾಪುರದ ಶಾಹೂ ಮಹಾರಾಜರು ಶುರು ಮಾಡಿದ ರಾಧಾನಗರಿ ಅಣೆಕಟ್ಟಿನಲ್ಲೂ ಇವೆ. ಅಲ್ಲಿರುವುದು ಏಳು. ಅವು ತೆರೆದವೆಂದರೆ ಪಂಚಗಂಗೆಯ ದಂಡೆಯ ಊರುಗಳಲ್ಲಿ ಸುದ್ದಿ ಹಬ್ಬುತ್ತದೆ. ಯಾರ ಅಪ್ಪಣೆಯನ್ನೂ ಕಾಯದ ಈ ಗೇಟುಗಳನ್ನು ಕಂಡರೆ ನನಗೆ ಮೆಚ್ಚುಗೆಯೂ ಉಂಟು, ಅನುಮಾನವೂ ಉಂಟು. ಅಣೆಕಟ್ಟು ಒಡೆಯದಂತೆ ಅವು ಕಾಯುತ್ತವೆ. ಆದರೆ ಕೆಳಗಿನ ಊರಿಗೆ ಆಗಲೇ ನೀರು ಹೊಕ್ಕಿದೆಯೋ ಇಲ್ಲವೋ ಎಂಬುದು ಆ ಗೇಟಿಗೆ ಕಾಣುವುದಿಲ್ಲ. ಅದನ್ನು ನೋಡಿ ಇನ್ನೆರಡು ಗಂಟೆ ತಡೆಯೋಣ ಎನ್ನುವುದಕ್ಕೆ ಮನುಷ್ಯನೇ ಬೇಕು, ಆ ಮನುಷ್ಯನಿಗೆ ಕೆಳಗಿನಿಂದ ಸುದ್ದಿಯೂ ಬೇಕು.

ಸುದ್ದಿಯ ಕೆಲಸವನ್ನು ಮೊದಲು ಕ್ರಮವಾಗಿ ಹಚ್ಚಿಕೊಂಡದ್ದು ಕೇಂದ್ರ ಜಲ ಆಯೋಗ. 1958ರಲ್ಲಿ ದೆಹಲಿಯ ಹಳೆಯ ರೈಲು ಸೇತುವೆಯ ಬಳಿ ಯಮುನೆಯ ಮಟ್ಟ ನೋಡಿ ಮುನ್ಸೂಚನೆ ಕೊಡುವುದರಿಂದ ಅದು ಆರಂಭವಾಯಿತು. ಕೃಷ್ಣೆಯ ಮೇಲ್ಭಾಗದಲ್ಲಿ ಆಯೋಗದ ಅಳತೆಗೋಲುಗಳು ನಿಂತಿರುವ ಊರುಗಳ ಹೆಸರು ಕೇಳಿದರೆ ಎರಡು ರಾಜ್ಯಗಳ ಗಡಿ ಅಲ್ಲಿ ಮಸುಕಾಗುತ್ತದೆ: ಕೊಯ್ನೆಗೆ ವಾರುಂಜಿ, ವಾರಣೆಗೆ ಸಮಡೋಳಿ, ಪಂಚಗಂಗೆಗೆ ತೇರವಾಡ, ದೂಧಗಂಗೆಗೆ ಸದಲಗಾ, ಕೃಷ್ಣೆಗೆ ಅರ್ಜುನವಾಡ, ಕುರುಂದವಾಡ. ಮಳೆಗಾಲದಲ್ಲಿ ಹಗಲು ರಾತ್ರಿಯೆನ್ನದೆ ಅಳತೆಗೋಲು ಓದಿ ವೈರ್‌ಲೆಸ್ಸಿನಲ್ಲಿ ಅಂಕಿ ಹೇಳುವ ನೌಕರನ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ. ಎರಡೂ ರಾಜ್ಯಗಳು ನಂಬುವ ಅಂಕಿ ಮಾತ್ರ ಅವನದೇ. ರಾಜ್ಯಗಳು ಒಂದರ ಅಂಕಿಯನ್ನು ಇನ್ನೊಂದು ಒಪ್ಪದಿದ್ದ ಕಾಲದಲ್ಲೂ ಆಯೋಗದ ಅಂಕಿಯನ್ನು ಒಪ್ಪುತ್ತಿದ್ದವು. ಈ ಕಣಿವೆಯಲ್ಲಿ ಸಮನ್ವಯ ಎಂದು ಕರೆಯಬಹುದಾದ ಮೊದಲ ಕೆಲಸ ಇದೇ ಎಂದು ನನ್ನ ಎಣಿಕೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಲೇಬೇಕು, ಇಲ್ಲದಿದ್ದರೆ ಮುಂದಿನ ಜಗಳ ಅರ್ಥವಾಗದು. 11,574 ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಹೊಳೆಯಲ್ಲಿ 5 ಲಕ್ಷ ಕ್ಯುಸೆಕ್ ಬಂದರೆ ದಿನಕ್ಕೆ 43 ಟಿಎಂಸಿ. ಆಲಮಟ್ಟಿಯ ಒಟ್ಟು ಸಾಮರ್ಥ್ಯ 519.60 ಮೀಟರ್ ಮಟ್ಟದಲ್ಲಿ 123 ಟಿಎಂಸಿ. ಅಂದರೆ ತಳ ಕಾಣುವಷ್ಟು ಬರಿದಾದ ಜಲಾಶಯವೂ ಅಂಥ ನೆರೆಯಲ್ಲಿ ಮೂರು ದಿನದೊಳಗೆ ತುಂಬುತ್ತದೆ. ಆದ್ದರಿಂದ ಮಹಾಪೂರವನ್ನು ಆಲಮಟ್ಟಿ ನುಂಗಿಬಿಡಲಿ ಎನ್ನುವುದು ಆಗದ ಮಾತು. ಅದರ ಕೈಲಾಗುವುದು ಹೊತ್ತು ಹೊಂದಿಸುವುದಷ್ಟೇ: ನೀರು ಬರುವ ಮುಂಚೆ ಜಾಗ ಮಾಡಿಕೊಳ್ಳುವುದು, ತುದಿಯನ್ನು ಒಂದಿಷ್ಟು ಮೊಂಡು ಮಾಡುವುದು. ಅದಕ್ಕೆ ಮೇಲಿನವರು ಹೊತ್ತಿಗೆ ಮುಂಚೆ ಹೇಳಬೇಕು, ಕೆಳಗಿನವರು ಹೊತ್ತಿಗೆ ಮುಂಚೆ ಕೇಳಬೇಕು.

ಜಾಗ ಮಾಡಿಕೊಳ್ಳುವುದು ಎಂದು ಬರೆಯುವುದು ಸುಲಭ. ಆಲಮಟ್ಟಿಯ ನೀರು ಹಿಂಗಾರಿಗೆ, ಬೇಸಿಗೆಗೆ ಬೇಕು. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿದ್ದೇ ಆ ನೀರನ್ನು ಹೊಲಕ್ಕೆ ಮುಟ್ಟಿಸಲು. ಅಣೆಕಟ್ಟಿನ ಬುಡದಲ್ಲಿರುವ 290 ಮೆಗಾವಾಟಿನ ವಿದ್ಯುದಾಗಾರಕ್ಕೆ ನೀರಿನ ಎತ್ತರ ಬೇಕು. ಹೊಳೆಯ ಮೇಲ್ಭಾಗದ, ಮಹಾರಾಷ್ಟ್ರದ ಸಾಂಗಲಿಯವರಿಗೆ ಜಲಾಶಯ ಖಾಲಿ ಇರಬೇಕು. ರಾಯಚೂರು, ಯಾದಗಿರಿಯ ದಂಡೆಯ ಹಳ್ಳಿಗಳಿಗೆ ಕೆಳಗಿನ ನಾರಾಯಣಪುರ ಅಣೆಕಟ್ಟಿನಿಂದ ಒಮ್ಮೆಲೇ ನೀರು ಬಿಡಬಾರದು. ಈ ನಾಲ್ಕೂ ಬೇಡಿಕೆ ನ್ಯಾಯದ್ದೇ. ಮುನ್ಸೂಚನೆ ನಂಬಿ ನೀರು ಬಿಟ್ಟ ಮೇಲೆ ಮಳೆ ಕೈಕೊಟ್ಟರೆ, ಕಾಲುವೆಯ ಕೊನೆಯ ರೈತ ಗೇಟು ತೆರೆದ ಇಂಜಿನಿಯರನ ಹೆಸರು ಹಿಡಿದು ಮಾರ್ಚಿನಲ್ಲಿ ಬಯ್ಯುತ್ತಾನೆ. ಆ ಇಂಜಿನಿಯರು ಮುಂಚಿತವಾಗಿ ಬಿಟ್ಟದ್ದರಿಂದ ನೆನೆಯದೆ ಉಳಿದ ಮನೆಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಗೇಟಿನ ಮುಂದೆ ನಿಂತವನು ಹಿಂಜರಿದರೆ ಅದು ಸೋಮಾರಿತನವಲ್ಲ.

ಸುಪ್ರೀಂ ಕೋರ್ಟು 2000ದ ಏಪ್ರಿಲ್ 25ರಂದು ಆಲಮಟ್ಟಿಯಲ್ಲಿ 519.60 ಮೀಟರಿನವರೆಗೆ ನೀರು ನಿಲ್ಲಿಸಲು ಹಾದಿ ತೆರೆಯಿತು. ಐದು ವರ್ಷ ಕಳೆಯುವಷ್ಟರಲ್ಲಿ, 2005ರ ಜುಲೈ ಕೊನೆಯಲ್ಲಿ, ಸಹ್ಯಾದ್ರಿಯ ಮೇಲೆ ಆಕಾಶವೇ ಬಿತ್ತು. ಸಾಂಗಲಿ, ಕೊಲ್ಹಾಪುರ ಮುಳುಗಿದವು. ಕೆಳಗೆ ಹೊಸದಾಗಿ ತುಂಬಿದ ಜಲಾಶಯ, ಮೇಲೆ ಮುಳುಗಿದ ಪೇಟೆ: ಆಲಮಟ್ಟಿಯ ಹಿನ್ನೀರೇ ಇದಕ್ಕೆಲ್ಲ ಕಾರಣ ಎಂಬ ಮಾತು ಅಲ್ಲಿಂದ ಬೇರು ಬಿಟ್ಟಿತು. ಈ ಆರೋಪ ನಮ್ಮ ಕಡೆಯವರಿಗೆ ಕಹಿಯೆನಿಸಿತು. ಆದರೂ ಒಂದು ಮಾತು ಒಪ್ಪಬೇಕು. ಎರಡು ರಾಜ್ಯಗಳ ನೀರಾವರಿ ಅಧಿಕಾರಿಗಳನ್ನು ಹಂಚಿಕೆ ಬಿಟ್ಟು ಬೇರೆ ವಿಷಯಕ್ಕೆ ಒಂದೇ ಮೇಜಿಗೆ ಎಳೆದು ತಂದದ್ದು ಆ ಆರೋಪವೇ. ಅದೇ ವರ್ಷ ಡಿಸೆಂಬರಿನಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಜಿಲ್ಲೆಯ ಮಟ್ಟದಲ್ಲಿ ಜಿಲ್ಲಾಧಿಕಾರಿಯೇ ಹೊಣೆಗಾರ ಎಂದಾಯಿತು. ಬೆಳಗಾವಿಯ ಜಿಲ್ಲಾಧಿಕಾರಿ ಕೊಲ್ಹಾಪುರದ ಜಿಲ್ಲಾಧಿಕಾರಿಗೆ ನೇರವಾಗಿ ಫೋನು ಮಾಡುವುದು ಅಧಿಕಾರ ಮೀರಿದ ಕೆಲಸವಾಗಿ ಉಳಿಯಲಿಲ್ಲ.

ಹೀಗೆ ಪಡುವಣದಿಂದ ಬರುವ ನೀರಿಗೆ ಸುದ್ದಿಯ ಸರಪಳಿ ಕಟ್ಟಿಕೊಳ್ಳುತ್ತಿದ್ದಾಗ 2009ರ ನೆರೆ ಬೇರೆ ದಿಕ್ಕಿನಿಂದ ಬಂತು. ದೇಶದಲ್ಲಿ ಮುಂಗಾರು ಕೈಕೊಟ್ಟ ವರ್ಷ ಅದು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ವಾಯುಭಾರ ಕುಸಿತದ ಮಳೆ ಘಟ್ಟದ ಮೇಲಲ್ಲ, ಉತ್ತರ ಕರ್ನಾಟಕದ ಬಯಲಿನ ಮೇಲೇ ಸುರಿಯಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಮಂತ್ರಾಲಯ, ಕರ್ನೂಲು ಮುಳುಗಿದವು. ಶ್ರೀಶೈಲದಲ್ಲಿ ಒಳಹರಿವು 25 ಲಕ್ಷ ಕ್ಯುಸೆಕ್ ಮುಟ್ಟಿತು, 885 ಅಡಿಗೆ ತುಂಬುವ ಜಲಾಶಯ 896 ಅಡಿ ದಾಟಿತು. ಬರದ ಭಯದಲ್ಲಿ ಜಲಾಶಯಗಳು ಹನಿ ನೀರನ್ನೂ ಹಿಡಿದಿಟ್ಟುಕೊಂಡಿದ್ದ ಹೊತ್ತು ಅದು. ಆದರೂ ಶ್ರೀಶೈಲ, ನಾಗಾರ್ಜುನಸಾಗರಗಳಲ್ಲಿ ಗಂಟೆಗಂಟೆಗೆ ಲೆಕ್ಕ ಹಾಕಿ ತಡೆದು ಬಿಟ್ಟದ್ದರಿಂದ ವಿಜಯವಾಡದ ಪ್ರಕಾಶಂ ಬ್ಯಾರೇಜಿಗೆ ಮುಟ್ಟಿದ್ದು ಸುಮಾರು 11 ಲಕ್ಷ ಕ್ಯುಸೆಕ್. ಈ ಕಣಿವೆಯ ಜಲಾಶಯ ನಿರ್ವಹಣೆಯಲ್ಲಿ ಇಷ್ಟು ದೊಡ್ಡ ಸಾಹಸ ಇನ್ನೊಂದಿಲ್ಲ. ಅದರ ಬಗ್ಗೆ ಕನ್ನಡದಲ್ಲಿ ಯಾರಾದರೂ ಒಂದು ಪುಸ್ತಕ ಬರೆಯಬೇಕಿತ್ತು. ನಮ್ಮಲ್ಲಿ ಆ ನೆರೆಯಿಂದ ಉಳಿದದ್ದು ಸಂತ್ರಸ್ತರಿಗೆ ಕಟ್ಟಿದ ‘ಆಸರೆ’ ಮನೆಗಳು, ಮತ್ತು ಮಳೆ ಎಲ್ಲಿ ಬಿದ್ದರೂ ತಿಳಿಯಬೇಕೆಂದು ಗ್ರಾಮ ಪಂಚಾಯಿತಿಗಳವರೆಗೆ ಹೋದ ಸ್ವಯಂಚಾಲಿತ ಮಳೆಮಾಪಕಗಳು.

2019ರ ಆಗಸ್ಟ್ ಎಲ್ಲರಿಗೂ ನೆನಪಿದೆ. ಸಾಂಗಲಿಯ ಆಯರ್ವಿನ್ ಸೇತುವೆಯಲ್ಲಿ ಅಪಾಯದ ಮಟ್ಟ 45 ಅಡಿ. ನೀರು 57 ಅಡಿ ಮೀರಿತು. ಕೊಲ್ಹಾಪುರದ ರಾಜಾರಾಮ ಬಾಂದಾರದಲ್ಲಿ 43 ಅಡಿಯ ಅಪಾಯದ ಗೆರೆ ದಾಟಿ 55 ಅಡಿಯ ಮೇಲೆ ಹೋಯಿತು. ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಬಿತ್ತು. ಅದೇ ಹೊತ್ತಿಗೆ ಹಿಡಕಲ್, ನವಿಲುತೀರ್ಥ ಜಲಾಶಯಗಳೆರಡೂ ತುಂಬಿ ಘಟಪ್ರಭೆ, ಮಲಪ್ರಭೆ ಊರುಗಳನ್ನು ಹೊಕ್ಕವು. ಆಗ ಬಯಲಾದ ಒಂದು ಸಂಗತಿಯನ್ನು ನಾವು ಹೊರಗಿನವರ ಮುಂದೆ ಹೇಳಿಕೊಳ್ಳುವುದಿಲ್ಲ. ಸಮನ್ವಯದ ಕೊರತೆ ರಾಜ್ಯ–ರಾಜ್ಯಗಳ ನಡುವೆ ಮಾತ್ರ ಇರಲಿಲ್ಲ. ಆಲಮಟ್ಟಿ ಒಂದು ನಿಗಮದ್ದು, ಹಿಡಕಲ್, ನವಿಲುತೀರ್ಥ ಇನ್ನೊಂದು ನಿಗಮದ್ದು. ಕಾಳಜಿ ಕೇಂದ್ರ ಕಂದಾಯ ಇಲಾಖೆಯದ್ದು, ಕರೆಂಟು ಹೆಸ್ಕಾಂನದ್ದು, ರಸ್ತೆ ಲೋಕೋಪಯೋಗಿಯದ್ದು, ದನಗಳಿಗೆ ಮೇವು ಪಶುಸಂಗೋಪನೆಯದ್ದು. ನೀರು ಮಾತ್ರ ಎಲ್ಲರ ಮೇಲೂ ಒಂದೇ ರಾತ್ರಿ ಬಂತು.

ಆ ಪ್ರವಾಹವನ್ನು ಪರಿಶೀಲಿಸಲು ಮಹಾರಾಷ್ಟ್ರ ಸರ್ಕಾರ ನೇಮಿಸಿದ ನಂದಕುಮಾರ ವಡನೇರೆ ಸಮಿತಿ 2020ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಸಾಂಗಲಿ, ಕೊಲ್ಹಾಪುರದ ನೆರೆಗೆ ಆಲಮಟ್ಟಿ ಕಾರಣವಲ್ಲ ಎಂದಿತು. ಸ್ವಂತ ರಾಜ್ಯದ ಜನಪ್ರಿಯ ನಂಬಿಕೆಗೆ ಎದುರಾಗಿ ಬರೆದ ವರದಿ ಅದು. ಬರೆದವರ ಎದೆಗಾರಿಕೆಯನ್ನು ಇಲ್ಲಿ ನೆನೆಯುವುದು ನ್ಯಾಯ. ಅತಿ ಕಡಿಮೆ ದಿನಗಳಲ್ಲಿ ಬಿದ್ದ ಅತಿ ಹೆಚ್ಚು ಮಳೆ, ಹೊಳೆಯ ಪಾತ್ರದಲ್ಲಿ ಎದ್ದ ಕಟ್ಟಡಗಳು ಇವುಗಳತ್ತ ಅದು ಬೆರಳು ತೋರಿತು. ಮಹಾರಾಷ್ಟ್ರದಲ್ಲಿ ನದಿಯ ಪಕ್ಕ ನೀಲಿ ಗೆರೆ, ಕೆಂಪು ಗೆರೆ ಎಂದು ಎಳೆಯುವ ಪದ್ಧತಿಯಿದೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ನೆರೆ ಮುಟ್ಟುವಲ್ಲಿ ನೀಲಿ, ನೂರು ವರ್ಷದ್ದು ಮುಟ್ಟುವಲ್ಲಿ ಕೆಂಪು. ಗೆರೆಗಳು ನಕ್ಷೆಯಲ್ಲಿದ್ದವು, ಮನೆಗಳು ಗೆರೆಯೊಳಗಿದ್ದವು. ನಮ್ಮ ಕಡೆಯ ಮಲಪ್ರಭೆಯ ದಂಡೆಯಲ್ಲಿ ಹೊಳೆಯ ಪಾತ್ರವೇ ಎಲ್ಲಿದೆ ಎಂದು ಹುಡುಕಬೇಕಾದ ಸ್ಥಿತಿ ಇರುವಾಗ ನಾವು ಅದಕ್ಕೆ ನಗುವಂತಿಲ್ಲ.

2021ರ ಜೂನಿನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲ ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಕಂಡರು. ಮಳೆ, ಒಳಹರಿವು, ಹೊರಹರಿವಿನ ಅಂಕಿಗಳನ್ನು ಆಗಿಂದಾಗಲೇ ಹಂಚಿಕೊಳ್ಳುವುದು ಮಾತುಕತೆಯ ತಿರುಳು. ತಿಂಗಳು ಕಳೆದು ಕೆಲವೇ ದಿನಗಳಲ್ಲಿ, ಜುಲೈ ಕೊನೆಯಲ್ಲಿ, ಮತ್ತೆ ಮಹಾಪೂರ ಬಂತು. ಊರುಗಳು ಮುಳುಗಿದವು, ಸಮನ್ವಯದಿಂದ ಮಳೆ ಕಡಿಮೆಯಾಗುವುದಿಲ್ಲವಲ್ಲ. ಬದಲಾಗಬಹುದಾದದ್ದು ಗೇಟು ತೆರೆಯುವ ಹೊತ್ತು: 2024ರ ಜುಲೈನಲ್ಲಿ ಪಂಚಗಂಗೆ ಅಪಾಯದ ಮಟ್ಟ ದಾಟಿದಾಗ ಆಲಮಟ್ಟಿಯಿಂದ 3 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಗೆ ಹೋಗುತ್ತಿತ್ತು.

ಆಲಮಟ್ಟಿಯ ಎತ್ತರದ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್ 30ರ ತೀರ್ಪಿನಲ್ಲಿ 524.256 ಮೀಟರಿಗೆ ಒಪ್ಪಿತು. ತೀರ್ಪು ಸುಪ್ರೀಂ ಕೋರ್ಟಿನ ತಡೆಯಿಂದಾಗಿ ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾಗಿಲ್ಲ. ಆ ನಾಲ್ಕೂವರೆ ಮೀಟರಿನ ಬಗ್ಗೆ ಎರಡೂ ಕಡೆ ಭಾಷಣಗಳಾಗಿವೆ. ಜುಲೈ, ಆಗಸ್ಟ್ ತಿಂಗಳಲ್ಲಿ ಯಾವ ದಿನ ಯಾವ ಮಟ್ಟ, ಯಾವ ಮಳೆಗೆ ಎಷ್ಟು ಜಾಗ ಎಂದು ಎರಡೂ ರಾಜ್ಯಗಳು ಸಹಿ ಹಾಕುವ ಒಂದು ಪುಟದ ನಿಯಮ ಆ ಭಾಷಣಗಳಿಗಿಂತ ಬೆಲೆಯುಳ್ಳದ್ದು ಎಂಬುದು ನನ್ನ ಹಠ.

ಇನ್ನು ಭಾಷೆಯ ವಿಷಯ. ರಾಜಾಪುರ ಬ್ಯಾರೇಜಿನಿಂದ ಇಷ್ಟು ಲಕ್ಷ ಕ್ಯುಸೆಕ್ ನೀರು ಬಿಡುಗಡೆ ಎಂದು ನಮ್ಮ ಪತ್ರಿಕೆಗಳು ದಿನವೂ ಬರೆಯುತ್ತವೆ. ರಾಜಾಪುರದ್ದು ಶಿರೋಳ ತಾಲ್ಲೂಕಿನ ಒಂದು ಸಣ್ಣ ಬಾಂದಾರ. ನೆರೆಯಲ್ಲಿ ಅದು ತಾನೇ ಮುಳುಗಿರುತ್ತದೆ. ಅಲ್ಲಿ ಯಾರೂ ನೀರು ಬಿಡುವುದಿಲ್ಲ, ಹಾಯುವ ನೀರನ್ನು ಅಳೆಯುತ್ತಾರಷ್ಟೇ. ಅದಕ್ಕೆ ದೂಧಗಂಗೆಯ ನೀರು ಕೂಡಿಸಿದರೆ ಕಲ್ಲೋಳದ ಅಂಕಿ ಸಿಗುತ್ತದೆ. ‘ಬಿಟ್ಟರು’ ಎಂಬ ಆ ಒಂದು ಕ್ರಿಯಾಪದ ಎರಡು ರಾಜ್ಯಗಳ ನಡುವೆ ಎಷ್ಟು ಅನುಮಾನ ಬೆಳೆಸಿದೆಯೋ ಹೇಳಲಾಗದು. ಗಡಿಯ ಇಂಜಿನಿಯರುಗಳ ಫೋನಿನ ಮಾತು ಇದಕ್ಕಿಂತ ನೆಟ್ಟಗಿರುತ್ತದೆ. ‘ಸಾಹೇಬ್ರ, ಈಗ ಎಷ್ಟೈತ್ರಿ?’ ಎಂದು ಇತ್ತಲಿನ ಕನ್ನಡ, ‘ಅಡೀಚ ಲಾಖ’ ಎಂದು ಅತ್ತಲಿನ ಮರಾಠಿ. ಎರಡೂವರೆ ಲಕ್ಷ ಎಂದು ಯಾರೂ ಯಾರಿಗೂ ಅನುವಾದಿಸಬೇಕಿಲ್ಲ.

ಆದರೆ ಅಳತೆಗಳು ಇನ್ನೂ ಒಂದಾಗಿಲ್ಲ. ಸಾಂಗಲಿ ಅಡಿಗಳಲ್ಲಿ ಮಾತಾಡುತ್ತದೆ, ಕಲ್ಲೋಳ ಕ್ಯುಸೆಕ್‌ನಲ್ಲಿ, ಆಲಮಟ್ಟಿ ಮೀಟರಿನಲ್ಲಿ. ದಂಡೆಯ ರೈತನಿಗೆ ಈ ಮೂರೂ ಬೇಡ. ಅವನ ಪಂಪ್‌ಸೆಟ್ಟಿನ ಮೋಟಾರು ಹೊಳೆಯ ಅಂಚಿನಲ್ಲಿದೆ. ನೀರು ಏರುವ ಸುದ್ದಿ ಬಂದರೆ ಅವನು ಮೊದಲು ಓಡುವುದು ಅಲ್ಲಿಗೆ, ಆಮೇಲೆ ಎಮ್ಮೆಗಳ ಕಡೆಗೆ, ಕಾಳಜಿ ಕೇಂದ್ರದ ಮಾತು ಕಟ್ಟಕಡೆಗೆ. ಮೋಟಾರು ಬಿಚ್ಚಿ ಪೈಪು ಕಳಚಿ ದಂಡೆಯ ಮೇಲಕ್ಕೆ ಹೊತ್ತು ತರಲು ನಾಲ್ಕಾಳು, ಅರ್ಧ ದಿನ ಬೇಕು. ಗ್ರಾಮ ಆಡಳಿತಾಧಿಕಾರಿಗಳು ಡಂಗುರ ಹೊಡೆಸಿ ಎರಡು ಲಕ್ಷ ಕ್ಯುಸೆಕ್ ಬರುತ್ತದೆ ಎಂದು ಸಾರಿದಾಗ ಅವನು ಕೇಳುವುದು ಒಂದೇ: ‘ಸಾಹೇಬ್ರ, ನಮ್ಮ ಮೋಟರ್ ತನಕ ಬರ್ತೈತೋ, ಇಲ್ಲೋ? ಬರೂದಾದ್ರ ಯಾವಾಗ?’